ಕುಂಡದ ಬೋನ್ಸಾಯ್ ಮತ್ತು ಅದರ ಬೇರು: ಮುಂಬೈ, ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬೋನ್ಸಾಯ್ ಶುರು ಮಾಡಿದವರು ಮೊದಲು ಕೇಳುವುದು ಕೊಂಬೆ ಬಗ್ಗೆ. ತಂತಿ ಹೇಗೆ ಸುತ್ತಬೇಕು, ಎಲೆ ಹೇಗೆ ಚಿಕ್ಕದಾಗುತ್ತದೆ, ಹೀಗೆ. ಬೇರಿನ ಮಾತು ಬರುವುದು ಗಿಡ ಬಾಡಿದ ಮೇಲೆ. ಮುಂಬೈ, ಠಾಣೆ, ಡೊಂಬಿವಲಿ, ಪುಣೆ ಕಡೆಯ ನಮ್ಮ ಜನ ಬಾಲ್ಕನಿಯಲ್ಲಿ ಗಿಡ ಇಟ್ಟುಕೊಂಡು ಕೇಳಿದ ಪ್ರಶ್ನೆಗಳು ಇಲ್ಲಿವೆ. ಗೋವಾದಿಂದ ಬಂದದ್ದೂ ಒಂದಿದೆ. ಉತ್ತರ ಕೆಲವು ಉದ್ದ, ಕೆಲವು ಒಂದೆರಡು ಸಾಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿನ ಅರ್ಧಕ್ಕಿಂತ ಜಾಸ್ತಿ ಉತ್ತರ ಸುತ್ತಿ ಬಳಸಿ ಗಾಳಿಯ ಹತ್ತಿರವೇ ಬಂದು ನಿಲ್ಲುತ್ತದೆ. ಬೇರಿಗೆ ನೀರು ಬೇಕು ಅಂತ ಎಲ್ಲರಿಗೂ ಗೊತ್ತು. ಬೇರು ಉಸಿರಾಡುತ್ತದೆ ಅನ್ನುವುದು ಮರೆತುಹೋಗುತ್ತದೆ.

ಬೇರು ಚೆನ್ನಾಗಿದೆಯಾ ಅಂತ ನೋಡಿದರೆ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಗಿಡವನ್ನು ಕುಂಡದಿಂದ ಮೆಲ್ಲಗೆ ಎತ್ತಿ ಪಕ್ಕದಿಂದ ನೋಡಿ. ತುದಿ ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಆ ಬೇರು ಈಗ ಬೆಳೆಯುತ್ತಿದೆ ಅಂತ ಲೆಕ್ಕ. ಹಳೆಯ ಬೇರು ಕಂದು ಬಣ್ಣಕ್ಕೆ ತಿರುಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಎಳೆಯಿರಿ. ಗಟ್ಟಿಯಾಗಿ ನಿಂತರೆ ಸರಿ. ಮೇಲಿನ ಸಿಪ್ಪೆ ಕಳಚಿ ಬೆರಳಿಗೆ ಬಂದು, ಒಳಗಿನ ನೂಲು ಮಾತ್ರ ಗಿಡದಲ್ಲಿ ಉಳಿದರೆ ಆ ಬೇರು ಸತ್ತಿದೆ. ಮೂಗಿನಿಂದಲೂ ನೋಡಬಹುದು. ಮಣ್ಣಿನ ವಾಸನೆ ಬರಬೇಕು. ಚರಂಡಿ ವಾಸನೆ ಬಂದರೆ ಒಳಗೆ ಗಾಳಿ ಆಡುತ್ತಿಲ್ಲ.

ನೀರು ಹೀರುವ ಕೆಲಸ ದಪ್ಪ ಬೇರಿನದ್ದಲ್ಲ. ತುದಿಗೆ ಹತ್ತಿರ ಇರುವ ಸಣ್ಣ ಬೇರುಗಳದ್ದು, ಅವುಗಳ ಮೇಲಿನ ರೋಮಗಳದ್ದು. ದಪ್ಪ ಬೇರು ಸಾಗಿಸುತ್ತದೆ, ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ಆಹಾರ ಕೂಡಿಡುತ್ತದೆ. ಬೋನ್ಸಾಯ್ ಕುಂಡದಲ್ಲಿ ಜಾಗವೇ ಎರಡು-ಮೂರು ಇಂಚು ಆಳ. ಹಾಗಾಗಿ ನಮಗೆ ಬೇಕಾದ್ದು ಎರಡು ತರಹದ ಬೇರು. ಮೇಲೆ, ಬುಡದ ಸುತ್ತ ನಾಲ್ಕೂ ದಿಕ್ಕಿಗೆ ಹರಡಿದ ದಪ್ಪ ಬೇರು, ಜಪಾನಿಗಳು ನೆಬಾರಿ ಅನ್ನುವುದು ಇದನ್ನೇ. ಕೆಳಗೆ, ಕುಂಡದ ತುಂಬ ಕವಲೊಡೆದ ಸಣ್ಣ ಬೇರು. ಇವೆರಡರ ಮಧ್ಯೆ ನೇರ ಕೆಳಗಿಳಿಯುವ ತಾಯಿಬೇರಿಗೆ ಇಲ್ಲಿ ಕೆಲಸ ಇಲ್ಲ.

ನರ್ಸರಿಯಿಂದ ತಂದ ಕೆಂಪು ಮಣ್ಣಲ್ಲೇ ಬಿಟ್ಟರೆ ಆಗಲ್ವಾ?

ಮುಂಬೈಯಲ್ಲಂತೂ ಆಗಲ್ಲ. ನರ್ಸರಿಯವರು ಗಿಡ ಸಾಗಿಸುವಾಗ ಬೇರಿನ ಸುತ್ತಲಿನ ಮಣ್ಣಿನ ಗಡ್ಡೆ ಒಡೆಯದಿರಲಿ ಅಂತ ಜಿಗುಟಾದ ಲಾಲ್ ಮಿಟ್ಟಿ ಹಾಕಿರುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಆದರೆ ಒಣಗಿದಾಗ ಅದು ಇಟ್ಟಿಗೆ ಆಗುತ್ತದೆ. ಮೇಲಿಂದ ಹಾಕಿದ ನೀರು ಗಡ್ಡೆಯ ಪಕ್ಕದಿಂದ ಇಳಿದು ತೂತಿನಿಂದ ಹೊರಗೆ ಬರುತ್ತದೆ. ಗಡ್ಡೆಯ ನಡುವೆ ಹನಿ ನೀರೂ ಇರಲ್ಲ. ನೀವು ನೀರು ಚೆನ್ನಾಗಿ ಇಳಿಯಿತು ಅಂದುಕೊಳ್ಳುತ್ತೀರಿ. ಮಳೆಗಾಲದಲ್ಲಿ ಇದರ ಉಲ್ಟಾ: ಒಳಗೆ ಹೋದ ನೀರು ವಾರವಾದರೂ ಹೊರಬರಲ್ಲ.

ಪುಣೆ ಕಡೆಯ ಕಪ್ಪು ಮಣ್ಣು ಇನ್ನೂ ಕಷ್ಟ. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿರಿಯುವಾಗ ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಹೊಲದಲ್ಲಿ ಕಬ್ಬಿಗೆ, ಜೋಳಕ್ಕೆ ಅದು ಚಿನ್ನ. ಎರಡಿಂಚು ಆಳದ ಕುಂಡಕ್ಕೆ ಬೇಡ.

ಇಲ್ಲೊಂದು ವಿಷಯ ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕು. ಯಾವ ಕುಂಡದಲ್ಲೇ ಆಗಲಿ, ನೀರು ಇಳಿದು ನಿಂತ ಮೇಲೂ ತಳದಲ್ಲಿ ಒಂದು ಪದರ ಪೂರ್ತಿ ಒದ್ದೆಯಾಗಿಯೇ ಉಳಿಯುತ್ತದೆ. ಆ ಪದರ ಎಷ್ಟು ಎತ್ತರ ಅನ್ನುವುದು ಕುಂಡದ ಆಳದ ಮೇಲೆ ನಿಂತಿಲ್ಲ, ಮಣ್ಣಿನ ಕಾಳಿನ ಗಾತ್ರದ ಮೇಲೆ ನಿಂತಿದೆ. ಮಣ್ಣು ನುಣುಪಾದಷ್ಟೂ ಪದರ ಎತ್ತರ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಅಡ್ಡ ಹಿಡಿದ ಸ್ಪಂಜೇ ನಿಮ್ಮ ಬೋನ್ಸಾಯ್ ಕುಂಡ. ಹತ್ತಿಂಚು ಆಳದ ಕುಂಡದಲ್ಲಿ ತಳದ ಎರಡಿಂಚು ಒದ್ದೆ ಇದ್ದರೆ ಮೇಲಿನ ಎಂಟಿಂಚಲ್ಲಿ ಬೇರು ಬದುಕುತ್ತದೆ. ಎರಡಿಂಚಿನ ಕುಂಡದಲ್ಲಿ ಅದೇ ಮಣ್ಣು ಹಾಕಿದರೆ ಬೇರು ಹೋಗುವುದೆಲ್ಲಿಗೆ? ಅದಕ್ಕೇ ಬೋನ್ಸಾಯ್‌ಗೆ ಮಣ್ಣಿಗಿಂತ ಕಾಳು, ಅಂದರೆ ಇಟ್ಟಿಗೆ ಚೂರಿನಂಥ ಗಟ್ಟಿ ಹರಳು, ಜಾಸ್ತಿ ಬೇಕು.

ಹಾಗಾದರೆ ಯಾವ ಮಿಶ್ರಣ? ಇಲ್ಲಿ ಏನೇನು ಸಿಗುತ್ತದೆ?

ಇಟ್ಟಿಗೆ ಚೂರು, ಸಿಂಡರ್ (ಸುಟ್ಟ ಕಲ್ಲಿದ್ದಲಿನ ಕಿಟ್ಟ), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ. ಈ ನಾಲ್ಕರಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಪರ್ಲೈಟ್, ಪ್ಯೂಮಿಸ್ ಅನ್ನುವ ಹಗುರ ಕಲ್ಲಿನ ಕಾಳು ಸಿಕ್ಕರೆ ಕುಂಡ ಹಗುರವಾಗುತ್ತದೆ. ಗ್ರಿಲ್ ಮೇಲೆ ಕುಂಡ ಇಡುವವರಿಗೆ ಇದು ಸಣ್ಣ ಮಾತಲ್ಲ.

ಕಾಳಿನ ಗಾತ್ರ 2ರಿಂದ 5 ಮಿ.ಮೀ. ಇರಲಿ. ಸಾಸಿವೆಗಿಂತ ಚಿಕ್ಕದಾಗಬಾರದು, ತೊಗರಿಬೇಳೆಗಿಂತ ತುಂಬಾ ದೊಡ್ಡದೂ ಬೇಡ. ಎರಡು ಜರಡಿ ಇಟ್ಟುಕೊಳ್ಳಿ. ದೊಡ್ಡ ಕಣ್ಣಿನದ್ದರ ಮೇಲೆ ಉಳಿದದ್ದನ್ನು ಮತ್ತೆ ಕುಟ್ಟಿ. ಸಣ್ಣ ಕಣ್ಣಿನದ್ದರಿಂದ ಕೆಳಗೆ ಬಿದ್ದ ಪುಡಿಯನ್ನು ಬೇರೆ ಗಿಡಕ್ಕೆ ಕೊಡಿ. ಈ ಪುಡಿ ಬಿಸಾಡಲು ಜನಕ್ಕೆ ಮನಸ್ಸು ಬರಲ್ಲ, ‘ಸುಮ್ನೆ ಯಾಕೆ ದಂಡ’ ಅಂತ ಅದನ್ನೂ ಸೇರಿಸುತ್ತಾರೆ. ಆಗ ಜರಡಿ ಹಿಡಿದ ಶ್ರಮವೇ ದಂಡ, ಯಾಕೆಂದರೆ ಪುಡಿ ಹೋಗಿ ಕೂರುವುದೇ ಕಾಳಿನ ಸಂದಿಯಲ್ಲಿ.

ಮುಂಬೈಯಲ್ಲಿ ಬಯಲಲ್ಲಿ ಮಳೆಗೆ ಇಡುವ ಆಲ, ಅರಳಿ, ಅದೇ ಕುಲದ ಫೈಕಸ್‌ಗೆ ಹತ್ತರಲ್ಲಿ ಎಂಟು ಪಾಲು ಕಾಳು, ಒಂದು ಕೋಕೋಪೀಟ್, ಒಂದು ಎರೆಗೊಬ್ಬರ. ಪುಣೆಯ ಒಣ ಗಾಳಿಗೆ ಆರು ಪಾಲು ಕಾಳು, ಉಳಿದ ನಾಲ್ಕರಲ್ಲಿ ಕೋಕೋಪೀಟ್ ಮತ್ತು ಗೊಬ್ಬರ ಸಮ ಸಮ. ಜೇಡ್, ಅಡೇನಿಯಂನಂಥ ಮೈಯಲ್ಲೇ ನೀರು ಕೂಡಿಡುವ ಗಿಡವಾದರೆ ಎಲ್ಲೇ ಇರಿ, ಒಂಬತ್ತು ಪಾಲು ಕಾಳು. ಇದು ಕಲ್ಲಿನ ಮೇಲೆ ಬರೆದದ್ದೇನಲ್ಲ. ದಿನಕ್ಕೊಮ್ಮೆಯೂ ನೀರು ಹಾಕಲು ಪುರುಸೊತ್ತಿಲ್ಲದವರು ಕೋಕೋಪೀಟ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

ಇಟ್ಟಿಗೆ ವಿಷಯದಲ್ಲಿ ಎಚ್ಚರ. ಮುಂಬೈಯಲ್ಲಿ ರೀಡೆವಲಪ್‌ಮೆಂಟ್‌ಗೆ ಕಟ್ಟಡ ಒಡೆಯುತ್ತಲೇ ಇರುತ್ತಾರೆ, ಹಳೆ ಇಟ್ಟಿಗೆ ಪುಕ್ಕಟೆ ಸಿಗುತ್ತದೆ. ಅದಕ್ಕೆ ಅಂಟಿದ ಸಿಮೆಂಟು, ಸುಣ್ಣ ಪೂರ್ತಿ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಮಿಶ್ರಣ ಕ್ಷಾರವಾಗಿ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅರೆಬೆಂದ ಇಟ್ಟಿಗೆಯೂ ಬೇಡ. ಒಂದು ತುಂಡನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬೆರಳಲ್ಲಿ ಉಜ್ಜಿ. ಕೈಗೆ ಕೆಸರು ಬಂದರೆ ಅದು ಮಳೆಗಾಲ ಮುಗಿಯುವುದರೊಳಗೆ ಮಣ್ಣಾಗಿರುತ್ತದೆ. ಕೋಕೋಪೀಟನ್ನು ಎರಡು-ಮೂರು ಸಲ ತೊಳೆದು ಹಿಂಡಿ, ಅದರಲ್ಲಿ ಉಪ್ಪಿರುತ್ತದೆ. ಸಿಂಡರನ್ನೂ ತೊಳೆಯಿರಿ, ಬೂದಿ ಹೋಗಲಿ.

ಜಪಾನಿನ ಅಕಡಾಮ ತರಿಸಲೇಬೇಕಾ?

ಬೇಡ. ಅದು ಹರಳು ಹರಳಾದ ಜಪಾನಿನ ಜೇಡಿಮಣ್ಣು. ಒಳ್ಳೆಯ ವಸ್ತು, ದುಬಾರಿ ವಸ್ತು. ಚೆನ್ನಾಗಿ ಜರಡಿ ಹಿಡಿದ ಇಟ್ಟಿಗೆ ಚೂರಿನಲ್ಲಿ ಬೆಳೆದ ಫೈಕಸ್ ಯಾರಿಗೂ ಕಡಿಮೆಯಿಲ್ಲ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದಲ್ವಾ?

ಎಲ್ಲರೂ ಹೇಳುವುದು ಹಾಗೇ. ಆದರೆ ಜಲ್ಲಿ ಮೇಲೆ ನುಣುಪು ಮಣ್ಣು ಹಾಕಿದರೆ, ನೀರು ಆ ಮಣ್ಣಿನ ಕೊನೆಯಲ್ಲೇ ನಿಲ್ಲುತ್ತದೆ. ಮಣ್ಣು ಪೂರ್ತಿ ತುಂಬುವವರೆಗೆ ಅದು ಜಲ್ಲಿಯೊಳಕ್ಕೆ ಇಳಿಯಲ್ಲ. ಅಂದರೆ ಒದ್ದೆ ಪದರ ಕೆಳಗಿದ್ದದ್ದು ಮೇಲೆ, ಬೇರಿನ ಹತ್ತಿರಕ್ಕೆ ಬಂತು ಅಷ್ಟೇ. ಇರುವ ಎರಡಿಂಚಲ್ಲಿ ಅರ್ಧ ಇಂಚು ಜಾಗವೂ ಹೋಯಿತು. ಮೇಲಿಂದ ಕೆಳಗಿನವರೆಗೆ ಒಂದೇ ಮಿಶ್ರಣ ಹಾಕಿ. ತೂತಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟರೆ ಸಾಕು. ಸೊಳ್ಳೆ ಪರದೆಯ ಬಟ್ಟೆ ಬೇಡ, ಅದರ ಕಣ್ಣು ಬೇಗ ಮುಚ್ಚಿಕೊಳ್ಳುತ್ತದೆ.

ಕುಂಡ ಬದಲಿಸುವುದು ಯಾವಾಗ?

ಬೇರು ಹೇಳಿದಾಗ. ಕುಂಡದ ಅಂಚಲ್ಲಿ ಬೇರು ಸುತ್ತು ಹಾಕಿದ್ದರೆ, ಗಿಡ ತಾನೇ ಮೇಲಕ್ಕೆ ಎದ್ದು ಬರುತ್ತಿದ್ದರೆ, ನೀರು ಮೇಲೆಯೇ ನಿಂತು ಒಳಗಿಳಿಯಲು ಹೊತ್ತು ತೆಗೆದುಕೊಳ್ಳುತ್ತಿದ್ದರೆ ಸಮಯ ಬಂದಿದೆ. ಎಳೆಯ ಫೈಕಸ್ ವರ್ಷ, ಎರಡು ವರ್ಷದಲ್ಲಿ ಅಲ್ಲಿಗೆ ಬರುತ್ತದೆ. ವಯಸ್ಸಾದ ಗಿಡಕ್ಕೆ ಮೂರು-ನಾಲ್ಕು ವರ್ಷವೂ ಆಗಬಹುದು.

ತಿಂಗಳ ವಿಷಯದಲ್ಲಿ ಜಪಾನಿನ ಪುಸ್ತಕ, ಅಮೆರಿಕದ ವಿಡಿಯೊ ನೋಡಿ ನಡೆಯಬೇಡಿ. ಅಲ್ಲಿನ ಚಳಿಗಾಲ ನಮಗಿಲ್ಲ. ಗಿಡ ಬೆಳೆಯುವ ಹುಮ್ಮಸ್ಸಿನಲ್ಲಿರುವಾಗ ಮಾಡಬೇಕು, ಕತ್ತರಿಸಿದ ಬೇರು ಬೇಗ ಚಿಗುರಬೇಕು, ಇಷ್ಟೇ ಲೆಕ್ಕ. ಮುಂಬೈಯಲ್ಲಿ ಆಲ, ಅರಳಿ, ಫೈಕಸ್‌ಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳ್ಳೆಯದು. ಮಳೆ ಹಿಡಿದ ಮೇಲೆ ಜೂನ್ ಕೊನೆ, ಜುಲೈ ಕೂಡ ಒಳ್ಳೆಯದು. ಗಾಳಿಯಲ್ಲೇ ತೇವ ಇರುವುದರಿಂದ ಎಲೆ ಒಣಗಲ್ಲ. ಪುಣೆಯಲ್ಲಿ ಏಪ್ರಿಲ್, ಮೇ ಬಿಟ್ಟುಬಿಡಿ. ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ, ಗಾಳಿ ಒಣ. ಡಿಸೆಂಬರ್, ಜನವರಿಯ ತಣ್ಣನೆ ರಾತ್ರಿಗಳಲ್ಲೂ ಬೇರು ನಿಧಾನ. ಅಡೇನಿಯಂ, ಜೇಡ್ ಮಾತ್ರ ಮಳೆಯಲ್ಲಿ ಮುಟ್ಟಬೇಡಿ. ಅವಕ್ಕೆ ಮಾರ್ಚ್‌ನಿಂದ ಮೇ.

ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್ ಪುಷ್ಪ ಪ್ರದರ್ಶನ ಇರುತ್ತದೆ, ಅದರ ಆಚೀಚೆ ಬೈಕಲಾದ ರಾಣಿ ಬಾಗ್‌ನದ್ದೂ ಬರುತ್ತದೆ. ಹೋದಾಗ ಆಸೆಗೆ ಒಂದು ಗಿಡ ತಂದೇ ತರುತ್ತೀರಿ. ತಂದ ದಿನವೇ ಕುಂಡ ಬದಲಿಸಬೇಡಿ. ನಿಮ್ಮ ಬಾಲ್ಕನಿಗೆ ಒಗ್ಗಿ ಹೊಸ ಎಲೆ ಬಿಡಲಿ, ಆಮೇಲೆ ನೋಡಿ.

ಬೇರು ಕತ್ತರಿಸಿದರೆ ಗಿಡ ಸಾಯಲ್ವಾ? ಎಷ್ಟು ಕತ್ತರಿಸಬಹುದು?

ಸರಿಯಾದ ಕಾಲದಲ್ಲಿ, ಆರೋಗ್ಯದ ಗಿಡಕ್ಕೆ ಮಾಡಿದರೆ ಸಾಯಲ್ಲ. ದಪ್ಪ ಬೇರಿನ ತುದಿ ಕತ್ತರಿಸಿದಾಗ ಕತ್ತರಿಸಿದ ಜಾಗದ ಹಿಂದಿನಿಂದ ನಾಲ್ಕಾರು ಸಣ್ಣ ಬೇರು ಹುಟ್ಟುತ್ತವೆ. ಕೊಂಬೆ ಚಿವುಟಿದರೆ ಕವಲೊಡೆಯುತ್ತದಲ್ಲ, ಅದೇ ತರ್ಕ.

ಕೆಲಸ ಹೀಗೆ. ಹಿಂದಿನ ದಿನ ನೀರು ಹಾಕಬೇಡಿ, ಮಣ್ಣು ಉದುರಲು ಸುಲಭ. ಹೊಸ ಕುಂಡ, ಜಾಲರಿ, ತಂತಿ, ಮಿಶ್ರಣ ಎಲ್ಲ ಪಕ್ಕದಲ್ಲಿ ತಯಾರಿಟ್ಟುಕೊಂಡು ಆಮೇಲೆ ಗಿಡ ಎತ್ತಿ. ನೆರಳಲ್ಲಿ ಕೂರಿ, ಫ್ಯಾನ್ ಆರಿಸಿ. ಸಣ್ಣ ಬೇರು ಗಾಳಿಗೆ ನಿಮಿಷಗಳಲ್ಲಿ ಒಣಗುತ್ತದೆ, ಹತ್ತಿರ ನೀರಿನ ಸ್ಪ್ರೇ ಇರಲಿ. ಬಿದಿರಿನ ಕಡ್ಡಿ ಅಥವಾ ಹಳೆ ಚಾಪ್‌ಸ್ಟಿಕ್ ತೆಗೆದುಕೊಂಡು ಬುಡದಿಂದ ಹೊರಕ್ಕೆ ಬಾಚಿ. ಯಾವಾಗಲೂ ಒಳಗಿಂದ ಹೊರಕ್ಕೆ, ಸುತ್ತಲೂ ಒಂದೇ ಸಮ. ಅಡ್ಡ ಎಳೆದರೆ ಬೇರು ಹರಿಯುತ್ತದೆ.

ಬಾಚಿದ ಮೇಲೆ ನೋಡಿ. ಮೊದಲು ನೇರ ಕೆಳಗಿಳಿದ ದಪ್ಪ ಬೇರು ತೆಗೆಯಿರಿ. ಒಂದರ ಮೇಲೊಂದು ಹತ್ತಿ ಹೋದ ಬೇರು, ಬುಡವನ್ನೇ ಸುತ್ತಿದ ಬೇರು ಇದ್ದರೆ ಅವೂ ಹೋಗಲಿ. ಸುತ್ತಿದ ಬೇರು ದಪ್ಪವಾದ ಮೇಲೆ ಬುಡದ ಕತ್ತು ಹಿಸುಕುತ್ತದೆ. ಉಳಿದವನ್ನು ಕುಂಡದ ಅಂಚಿಗಿಂತ ಬೆರಳಗಲ ಒಳಗೆ ನಿಲ್ಲುವ ಹಾಗೆ ಮೊಟಕು ಮಾಡಿ. ಒಟ್ಟಾರೆ ಮೂರನೇ ಒಂದು ಭಾಗ ತೆಗೆಯುವುದು ಸುರಕ್ಷಿತ. ಗಟ್ಟಿಮುಟ್ಟಾದ ಫೈಕಸ್ ಅರ್ಧ ಕಳೆದುಕೊಂಡರೂ ಎದ್ದು ಬರುತ್ತದೆ. ಬೋಗನ್‌ವಿಲ್ಲಾ ಹಾಗಲ್ಲ, ಅದರ ಬೇರು ನಾಜೂಕು, ಮುಟ್ಟಿದರೆ ಮುರಿಯುತ್ತದೆ. ಅದಕ್ಕೆ ಕತ್ತರಿಗಿಂತ ತಾಳ್ಮೆ ಮುಖ್ಯ, ಒಂದೇ ಸಲಕ್ಕೆ ಹಳೆ ಮಣ್ಣೆಲ್ಲ ತೆಗೆಯುವ ಹಠ ಬೇಡ. ಹಳೆಯ ಯಾವ ಮರಕ್ಕೂ ಈ ಮಾತು ಸಲ್ಲುತ್ತದೆ. ಈ ವರ್ಷ ಅರ್ಧ ಭಾಗದ ಮಣ್ಣು, ಮುಂದಿನ ಸಲ ಇನ್ನರ್ಧ.

ಕತ್ತರಿ ಹರಿತ ಇರಬೇಕು. ಜಜ್ಜಿದ ಬೇರು ಕೊಳೆಯುತ್ತದೆ, ಚೊಕ್ಕ ಕತ್ತರಿಸಿದ್ದು ಚಿಗುರುತ್ತದೆ.

ಗಿಡವನ್ನು ಕುಂಡಕ್ಕೆ ತಂತಿಯಿಂದ ಕಟ್ಟುವುದು ಅಂದಕ್ಕಾ?

ಅಂದಕ್ಕಲ್ಲ. ಹೊಸ ಬೇರಿನ ತುದಿ ತುಂಬಾ ಎಳೆಯದು. ಗಾಳಿಗೆ ಗಿಡ ಅಲ್ಲಾಡಿದಾಗೆಲ್ಲ ಕಾಳಿಗೆ ಉಜ್ಜಿ ಅದು ಮುರಿಯುತ್ತದೆ. ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ನಿಮಗೆ ಗೊತ್ತಲ್ಲ. ಕುಂಡದ ತೂತಿನಿಂದ ಅಲ್ಯೂಮಿನಿಯಂ ತಂತಿ ಮೇಲೆ ತಂದು, ಬೇರಿನ ಗಡ್ಡೆಯ ಮೇಲಿಂದ ದಾಟಿಸಿ, ಇಕ್ಕಳದಿಂದ ತಿರುಚಿ. ತೊಗಟೆಗೆ ತಾಗುವಲ್ಲಿ ರಬ್ಬರ್ ತುಂಡು ಇಡಿ. ಕಾಂಡ ಹಿಡಿದು ಎತ್ತಿದರೆ ಕುಂಡವೂ ಜೊತೆಗೆ ಬರಬೇಕು, ಅಷ್ಟು ಬಿಗಿ. ಆಮೇಲೆ ಮಿಶ್ರಣ ಹಾಕಿ, ಕಡ್ಡಿಯಿಂದ ಚುಚ್ಚುತ್ತಾ ಬೇರಿನ ಸಂದಿಗೆಲ್ಲ ಇಳಿಸಿ. ಖಾಲಿ ಜಾಗ ಉಳಿದರೆ ಅಲ್ಲಿ ಬೇರು ಒಣಗುತ್ತದೆ. ಆದರೆ ಅಂಗೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡಬೇಡಿ.

ಕುಂಡ ಬದಲಿಸಿದ ಮೇಲೆ ಏನು ಮಾಡಬೇಕು?

ತಳದಿಂದ ಬರುವ ನೀರು ತಿಳಿಯಾಗುವವರೆಗೆ ನೀರು ಹಾಕಿ. ಎರಡು-ಮೂರು ವಾರ ನೆರಳಲ್ಲಿ, ಗಾಳಿ ಬಡಿಯದ ಕಡೆ ಇಡಿ. ಒಂದು ತಿಂಗಳು ಗೊಬ್ಬರ ಬೇಡ. ಮತ್ತೆ ಮತ್ತೆ ಎತ್ತಿ ಬೇರು ಬಂತಾ ಅಂತ ನೋಡಬೇಡಿ. ಮೇಲೆ ಹೊಸ ಎಲೆ ಬಂದರೆ ಕೆಳಗೂ ಕೆಲಸ ಶುರುವಾಗಿದೆ ಅಂತ ತಿಳಿಯಿರಿ. ಜೇಡ್ ಮಾತ್ರ ಬೇರೆ: ಕತ್ತರಿಸಿದ ಗಾಯ ಒಣಗಲು ಬಿಟ್ಟು, ನಾಲ್ಕೈದು ದಿನ ಕಳೆದು ನೀರು ಹಾಕಿ.

ಎಲೆ ಎಲ್ಲ ಬೋಳಿಸಬೇಕಾ ಅಂತಲೂ ಕೇಳುತ್ತಾರೆ. ಬೇಡ. ಬೇರು ಬೆಳೆಯಲು ಸಕ್ಕರೆ ಬರುವುದು ಎಲೆಯಿಂದಲೇ. ಬೇರು ತುಂಬಾ ಕಡಿಮೆಯಾಗಿದ್ದರೆ ದೊಡ್ಡ ಎಲೆಗಳಲ್ಲಿ ಕೆಲವನ್ನು ತೆಗೆಯಿರಿ, ಸಾಕು.

ನಮ್ಮ ಸೊಸೈಟಿ ಗೋಡೆಯ ಬಿರುಕಲ್ಲಿ ಅರಳಿ ಗಿಡ ಬಂದಿದೆ. ಅದನ್ನು ಬೋನ್ಸಾಯ್ ಮಾಡಬಹುದಾ?

ಖಂಡಿತ. ಮುಂಬೈಯ ಅತಿ ಅಗ್ಗದ ಬೋನ್ಸಾಯ್ ಅದು. ಹಕ್ಕಿಗಳು ಹಾಕಿದ ಬೀಜ, ಮಳೆಗೆ ಮೊಳೆತಿರುತ್ತದೆ. ಸೊಸೈಟಿಯವರು ಹೇಗೂ ಅದನ್ನು ಕೀಳಿಸುವವರೇ, ನೀವು ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಪೈಪ್ ಹತ್ತಿ ನೀವೇ ಕೀಳಲು ಹೋಗಬೇಡಿ. ಪ್ಲಂಬರ್ ಅಥವಾ ಪೇಂಟಿಂಗ್‌ನವರು ಮೇಲೆ ಹತ್ತಿದ ದಿನ ಹೇಳಿಟ್ಟರೆ ಆಯಿತು.

ಮಳೆಗಾಲದಲ್ಲೇ ತೆಗೆಸಿ. ಎಳೆದರೆ ಬೇರು ತುಂಡಾಗಿ ಬರೀ ಕೋಲು ಕೈಗೆ ಬರುತ್ತದೆ. ಸುತ್ತಲಿನ ಸಡಿಲ ಗಾರೆ ಸ್ವಲ್ಪ ಕೆರೆದು, ಸಿಕ್ಕಷ್ಟು ಬೇರು ಸಮೇತ ತೆಗೆಯಬೇಕು. ಅದರ ಬೇರು ನೋಡಲು ವಿಚಿತ್ರ. ಬಿರುಕಿನೊಳಗೆ ಬೆಳೆದು ಒಂದು ಬದಿ ಚಪ್ಪಟೆಯಾಗಿರುತ್ತದೆ, ಅಲ್ಲಲ್ಲಿ ಗಂಟು ಗಂಟಾಗಿ ಉಬ್ಬಿರುತ್ತದೆ, ತೊಗಟೆಯಲ್ಲಿ ಗಾರೆಯ ಹರಳು ಕಚ್ಚಿಕೊಂಡಿರುತ್ತದೆ. ಒಂದು ಅಡಿಯುದ್ದ ಹೋದ ಮೇಲೆ ಎಲ್ಲೋ ಕೊನೆಯಲ್ಲಿ ನಾಲ್ಕು ಎಳೆ ಸಣ್ಣ ಬೇರು. ಗಾರೆ ಉಜ್ಜಿ ತೊಳೆದು, ಉದ್ದ ಬೇರನ್ನು ನಾಲ್ಕೈದು ಇಂಚಿಗೆ ಕತ್ತರಿಸಿ, ಎಲೆ ಕಡಿಮೆ ಮಾಡಿ, ಇಟ್ಟಿಗೆ ಚೂರು ಮತ್ತು ಕೋಕೋಪೀಟ್ ತುಂಬಿದ ಸಾಧಾರಣ ಕುಂಡದಲ್ಲಿ ನೆಡಿ. ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ ನೆರಳಲ್ಲಿಡಿ. ಅರಳಿ ಮೊಂಡು ಜಾತಿ, ಚಿಗುರುತ್ತದೆ. ಆ ಚಪ್ಪಟೆ ಬೇರನ್ನು ಮುಚ್ಚಬೇಡಿ ಅನ್ನುವುದು ನನ್ನ ಸಲಹೆ. ಗಿಡ ಗಟ್ಟಿಯಾದ ಮೇಲೆ ಒಂದು ಕಲ್ಲಿನ ಮೇಲೆ ಕೂರಿಸಿ ಅದನ್ನು ತೋರಿಸಿ. ನರ್ಸರಿಯ ಗಿಡದಲ್ಲಿ ಅಂಥದ್ದು ಸಿಗಲ್ಲ.

ಬುಡದಲ್ಲಿ ಬೇರು ಒಂದೇ ಕಡೆ ಇದೆ. ಸುತ್ತಲೂ ಬರುವ ಹಾಗೆ ಮಾಡಬಹುದಾ?

ಇದಕ್ಕೆ ಗೂಟಿ ಕಟ್ಟುವುದೇ ಒಳ್ಳೆಯ ದಾರಿ. ದಾಳಿಂಬೆ, ಪೇರಲಕ್ಕೆ ಊರಲ್ಲಿ ಕೊಂಬೆಗೆ ಕಟ್ಟುತ್ತಾರಲ್ಲ, ಇಲ್ಲಿ ಬುಡಕ್ಕೆ ಕಟ್ಟುವುದು. ಹೊಸ ಬೇರು ಎಲ್ಲಿಂದ ಬರಬೇಕೋ ಅದರ ಕೆಳಗೆ ಸುತ್ತಲೂ ತೊಗಟೆ ತೆಗೆಯಿರಿ. ಉಂಗುರದ ಅಗಲ ಕಾಂಡದ ದಪ್ಪಕ್ಕಿಂತ ಕಡಿಮೆ ಆಗಬಾರದು. ಒಳಗಿನ ಹಸಿರು ಲೋಳೆ ಪದರವನ್ನು ಚಾಕುವಿನಿಂದ ಪೂರ್ತಿ ಕೆರೆಯಿರಿ. ಜನ ಸೋಲುವುದು ಇಲ್ಲೇ. ಸ್ವಲ್ಪ ಉಳಿದರೂ ತೊಗಟೆ ಸೇತುವೆ ಕಟ್ಟಿಕೊಂಡು ಗಾಯ ಕೂಡುತ್ತದೆ, ಬೇರು ಬರಲ್ಲ. ಎಲೆಯಿಂದ ಇಳಿದು ಬರುವ ಸಕ್ಕರೆ, ಹಾರ್ಮೋನ್ ಮುಂದೆ ದಾರಿ ಇಲ್ಲದೆ ಉಂಗುರದ ಮೇಲಂಚಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿಂದಲೇ ಬೇರು ಹುಟ್ಟುತ್ತದೆ. ಹಾಗಾಗಿ ಬೇರು ಬರಿಸುವ ಪುಡಿ ಹಚ್ಚುವುದಾದರೆ ಮೇಲಂಚಿಗೆ ಹಚ್ಚಿ. ನೀರು ಕೆಳಗಿಂದ ಒಳಗಿನ ಮರದ ಮೂಲಕ ಮೇಲೇರುತ್ತಲೇ ಇರುತ್ತದೆ, ಅದಕ್ಕೇ ಗಿಡ ಬಾಡಲ್ಲ. ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಂ ಪಾಚಿ ಸುತ್ತಿ ಪ್ಲಾಸ್ಟಿಕ್‌ನಿಂದ ಬಿಗಿಯಾಗಿ ಕಟ್ಟಿ. ಜೂನ್‌ನಲ್ಲಿ ಕಟ್ಟಿದ ಫೈಕಸ್‌ನಲ್ಲಿ ಆಗಸ್ಟ್ ಹೊತ್ತಿಗೆ ಪ್ಲಾಸ್ಟಿಕ್ ಒಳಗೆ ಬೇರು ಕಾಣುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿ ಕವಲೊಡೆದ ಮೇಲೆ ಕೆಳಗಿಂದ ಕತ್ತರಿಸಿ ನೆಡಿ.

ಬೇರು ಇದೆ, ಆದರೆ ಕೆಳಮುಖ ಇದೆ ಅನ್ನುವವರು ಬುಡದ ಕೆಳಗೆ ಒಂದು ಕಡಪ್ಪ ತುಂಡು ಅಥವಾ ಟೈಲ್ ಇಟ್ಟು ನೆಡಿ. ಕೆಳಗಿಳಿಯಲು ದಾರಿ ಇಲ್ಲದೆ ಬೇರು ಪಕ್ಕಕ್ಕೆ ಹರಡುತ್ತದೆ.

ಜಿನ್ಸೆಂಗ್ ಫೈಕಸ್‌ನ ದಪ್ಪ ಬೇರು ಒಳ್ಳೆಯ ನೆಬಾರಿ ಅಲ್ವಾ?

ನೋಡಲು ಮಜಾ ಇದೆ, ಉಡುಗೊರೆಗೆ ಚೆನ್ನಾಗಿದೆ. ಆದರೆ ಅದು ಬೀಜದಿಂದ ಬೆಳೆಸಿ, ಊದಿಸಿ, ಮಣ್ಣಿನಿಂದ ಎತ್ತಿ ತೋರಿಸಿದ ಬೇರು. ಮೇಲಿನ ಎಲೆ ಬಹಳ ಸಲ ಕಸಿ ಮಾಡಿದ್ದು. ಚಪ್ಪಟೆಯಾಗಿ ಹರಡಿದ ಬುಡ ಅದರಿಂದ ಬರುವುದು ಕಷ್ಟ. ಕಲಿಯಲು ಇಟ್ಟುಕೊಳ್ಳಿ.

ಆಲದ ಬೋನ್ಸಾಯ್‌ಗೆ ಬಿಳಲು ಬರಿಸುವುದು ಹೇಗೆ?

ಕರಾವಳಿಯವರಿಗೆ ಇದು ಸುಲಭ. ಬಿಳಲಿಗೆ ಬೇಕಾದ್ದು ತೇವದ ಗಾಳಿ, ಜುಲೈ ತಿಂಗಳ ಮುಂಬೈಯಲ್ಲಿ ಅದಕ್ಕೇನು ಬರ? ಗಿಡದಲ್ಲಿ ಎಲೆ ದಟ್ಟವಾಗಿರಲಿ, ಮಳೆಗಾಲದಲ್ಲಿ ಸವರಬೇಡಿ. ಕೊಂಬೆಯಿಂದ ಎಳೆ ಇಳಿಯಲು ಶುರುವಾದರೆ ತಂಪು ಪಾನೀಯದ ಸ್ಟ್ರಾ ಉದ್ದಕ್ಕೆ ಸೀಳಿ ಅದಕ್ಕೆ ತೊಡಿಸಿ, ಒಳಗೆ ಒದ್ದೆ ಪಾಚಿ ತುಂಬಿ, ಕೆಳತುದಿಯನ್ನು ಮಣ್ಣಿಗೆ ತಾಗಿಸಿ. ನೆಲ ಮುಟ್ಟಿದ ಮೇಲೆ ಬಿಳಲು ಬೇಗ ದಪ್ಪವಾಗುತ್ತದೆ. ಎಲ್ಲ ಎಳೆಯನ್ನೂ ಉಳಿಸಿಕೊಳ್ಳುವ ಆಸೆ ಬೇಡ. ಮೂರೋ ನಾಲ್ಕೋ ಸರಿಯಾದ ಜಾಗದಲ್ಲಿದ್ದರೆ ಸಾಕು. ಪುಣೆಯವರು ಗಿಡವನ್ನು ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಇಟ್ಟು ಪ್ರಯತ್ನಿಸಬೇಕು.

ದಿನಕ್ಕೆ ಎಷ್ಟು ಸಲ ನೀರು?

ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಹೇಳಿದವರನ್ನು ನಂಬಬೇಡಿ. ಬಿದಿರಿನ ಕಡ್ಡಿಯನ್ನು ಕುಂಡದಲ್ಲಿ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆ ಕಂಡರೆ ಬಿಡಿ, ಒಣಗುತ್ತಾ ಬಂದಿದ್ದರೆ ಹಾಕಿ. ಹಾಕುವಾಗ ಪೂರ್ತಿ ಹಾಕಿ, ತೂತಿನಿಂದ ಧಾರಾಳ ಹರಿಯಲಿ. ನೀರು ಇಳಿದುಹೋಗುವಾಗ ಅದರ ಹಿಂದೆಯೇ ಹೊಸ ಗಾಳಿ ಒಳಗೆ ಬರುತ್ತದೆ. ದಿನಾ ಒಂದು ಲೋಟ ಅಂತ ಅಳತೆ ಮಾಡಿ ಹಾಕಿದರೆ ಮೇಲಿನ ಮಣ್ಣು ಮಾತ್ರ ಒದ್ದೆಯಾಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಪುಣೆಯಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವವರ ಕುಂಡದ ಅಂಚಲ್ಲಿ ಕಾಣುವ ಬಿಳಿ ಪಟ್ಟಿ ಅದೇ. ಮಳೆ ನೀರಲ್ಲಿ ಆಗಾಗ ತೊಳೆಯಲು ಬಿಡಿ.

ಕುಂಡ ಬಿಸಿಯಾಗುವುದನ್ನೂ ಗಮನಿಸಿ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ, ಕಪ್ಪು ಪ್ಲಾಸ್ಟಿಕ್ ಕುಂಡ, ಮೇ ತಿಂಗಳು. ಮಧ್ಯಾಹ್ನ ಮೂರಕ್ಕೆ ಕುಂಡದ ಹೊರಬದಿ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ. ಮಣ್ಣು 40 ಡಿಗ್ರಿ ದಾಟಿದರೆ ಬೇರು ನರಳುತ್ತದೆ. ನೀರು ಹೆಚ್ಚಿಸುವುದಕ್ಕಿಂತ ಕುಂಡಕ್ಕೆ ನೆರಳು ಮಾಡಿ. ಎಲೆಗೆ ಬಿಸಿಲು, ಕುಂಡಕ್ಕೆ ನೆರಳು ಇದ್ದರೆ ಎಷ್ಟೋ ಒಳ್ಳೆಯದು.

ನಾಲ್ಕು ತಿಂಗಳ ಮಳೆಯಲ್ಲಿ ಗಿಡ ಹೊರಗಿಡಬಹುದಾ?

ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಪುಣೆಯಲ್ಲಿ ವರ್ಷವಿಡೀ ಸೇರಿದರೂ 700 ಮಿ.ಮೀ. ಆಸುಪಾಸು. ಪುಣೆಯವರ ಅನುಭವ ಕೇಳಿ ಮುಂಬೈಯಲ್ಲಿ ನಡೆದುಕೊಂಡರೆ ಕಷ್ಟ. ಮಿಶ್ರಣ ಕಾಳು ಕಾಳಾಗಿದ್ದರೆ ಫೈಕಸ್, ಆಲ, ಅತ್ತಿ ಮಳೆಯಲ್ಲಿ ಕುಣಿಯುತ್ತವೆ. ಸುರಿಯುವ ಮಳೆಯಿಂದ ಬೇರು ಸಾಯಲ್ಲ, ಕದಲದೆ ನಿಂತ ನೀರಿನಿಂದ ಸಾಯುತ್ತದೆ.

ಒಂದು ಉಪಾಯ ಇದೆ, ಖರ್ಚಿಲ್ಲದ್ದು. ವಾರಗಟ್ಟಲೆ ಮಳೆ ಹಿಡಿದಾಗ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ. ಅಡ್ಡ ಇದ್ದ ಕುಂಡ ಎತ್ತರವಾಯಿತು, ಒದ್ದೆ ಪದರ ಕೆಳಗಿನ ಮೂಲೆಗೆ ಸರಿಯಿತು. ಮೇಲಿನ ಬದಿಯ ಬೇರಿಗೆ ಗಾಳಿ ಸಿಕ್ಕಿತು. ಕೆಲವು ದಿನಕ್ಕೊಮ್ಮೆ ಬದಿ ಬದಲಿಸಿ. ಜೇಡ್, ಅಡೇನಿಯಂ ಮಾತ್ರ ಒಳಗೆ ತನ್ನಿ, ವಾದ ಬೇಡ.

ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಬೀಳದಿರಲಿ ಅಂತ ತಟ್ಟೆ ಇಡುತ್ತೀರಿ, ಸರಿ. ಆದರೆ ಆ ನೀರು ಚೆಲ್ಲಿ. ಬೇರಿಗೂ ಕೆಟ್ಟದ್ದು, ಡೆಂಗ್ಯೂ ಸೊಳ್ಳೆಗೂ ಅದೇ ಜಾಗ.

ಗೋವಾದಲ್ಲಿದ್ದೇನೆ. ಇಲ್ಲಿ ಬೇರೆ ಏನಾದರೂ ಇದೆಯಾ?

ಮುಂಬೈಗೆ ಹೇಳಿದ್ದನ್ನೇ ಇನ್ನೂ ಬಿಗಿಯಾಗಿ ಪಾಲಿಸಿ, ಮಳೆ ನಿಮ್ಮಲ್ಲಿ 3,000 ಮಿ.ಮೀ. ಹತ್ತಿರ. ಚಿರೆಕಲ್ಲಿನ ಚೂರು ಪುಕ್ಕಟೆ ಸಿಗುತ್ತದೆ, ಬಳಸಬಹುದು. ಇಟ್ಟಿಗೆಗೆ ಹೇಳಿದ ನೆನೆಸಿ ಉಜ್ಜುವ ಪರೀಕ್ಷೆ ಅದಕ್ಕೂ ಮಾಡಿ. ಮೆತ್ತಗಿನ ಕಲ್ಲು ಬೇಗ ಕೆಸರಾಗುತ್ತದೆ.

ಮಣ್ಣು ಒದ್ದೆ ಇದೆ, ಆದರೂ ಎಲೆ ಬಾಡಿದೆ. ಇನ್ನೂ ನೀರು ಹಾಕಲಾ?

ಬೇಡ, ಬೇಡ. ಒದ್ದೆ ಮಣ್ಣಲ್ಲಿ ಬಾಡಿದ ಗಿಡ ಅಂದರೆ ಹೀರುವ ಬೇರು ಹೋಗಿದೆ. ಗಾಳಿ ಇಲ್ಲದ ಕಡೆ ಪೈಥಿಯಂ, ಫೈಟಾಫ್ತೊರಾ ತರಹದ ರೋಗಾಣುಗಳು ಸೇರಿಕೊಳ್ಳುತ್ತವೆ. ಇಲ್ಲಿ ಮಾತ್ರ ಕಾಲ ನೋಡದೆ ಕುಂಡದಿಂದ ಎತ್ತಿ. ಕಪ್ಪಾಗಿ ಮೆತ್ತಗಾದ ಬೇರನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಹಳೆ ಮಣ್ಣು ತೊಳೆದುಬಿಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬರೀ ಕಾಳಿನಲ್ಲಿ, ಗೊಬ್ಬರ ಸ್ವಲ್ಪವೂ ಇಲ್ಲದೆ ನೆಟ್ಟು ನೆರಳಲ್ಲಿಡಿ. ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಕಲಸಿ ಒಮ್ಮೆ ಹಾಕಬಹುದು. ಅದು ಹಾಕಿದರೆ ಬೇರಿಗೆ ಒಳ್ಳೆಯದು ಅಂತ ಹಾಕುವ ಟ್ರೈಕೋಡರ್ಮಾವನ್ನು ಜೊತೆಗೆ ಹಾಕಬೇಡಿ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಔಷಧಿ ನಂತರದ ಮಾತು. ಮಣ್ಣು ಬದಲಾಗದಿದ್ದರೆ ಕಾಯಿಲೆ ಮತ್ತೆ ಬರುತ್ತದೆ.

ಬೇರಿನ ಸುತ್ತ ಬಿಳಿ ಹತ್ತಿ ತರಹ ಇದೆ. ರೋಗವಾ?

ಎರಡು ಸಾಧ್ಯತೆ. ತೆಳುವಾದ ಎಳೆ ಎಳೆ, ಬೇರು ಆರೋಗ್ಯವಾಗಿದೆ, ವಾಸನೆ ಚೆನ್ನಾಗಿದೆ ಅಂದರೆ ಅದು ಒಳ್ಳೆಯ ಶಿಲೀಂಧ್ರ ಇರಬಹುದು, ಬಿಟ್ಟುಬಿಡಿ. ಉಂಡೆ ಉಂಡೆಯಾಗಿ, ಅಕ್ಕಿ ನುಚ್ಚಿನಷ್ಟು ದೊಡ್ಡದು, ಮುಟ್ಟಿದರೆ ಮೇಣದ ಹಾಗೆ ಅಂಟುತ್ತದೆ, ಒಂದೆರಡು ನಡೆಯುತ್ತಲೂ ಇವೆ ಅಂದರೆ ಹಿಟ್ಟು ತಿಗಣೆ. ಬೇರು ತೊಳೆದು, ಮಣ್ಣು ಬಿಸಾಡಿ, ಕುಂಡವನ್ನು ಬಿಸಿನೀರಲ್ಲಿ ಉಜ್ಜಿ ಹೊಸದಾಗಿ ನೆಡಿ. ಇರುವೆ ಸಾಲು ಕುಂಡದೊಳಗೆ ಹೋಗುತ್ತಿದ್ದರೆ ಅದೇ ಮೊದಲ ಸೂಚನೆ.

ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಇದ್ದರೆ ನೆಮಟೋಡ್ ಅನ್ನುವ ಹುಳು. ಗಂಟಿರುವ ಬೇರು ಕತ್ತರಿಸಿ ಕಸಕ್ಕೆ ಹಾಕಿ. ಹೊಸ ಮಿಶ್ರಣಕ್ಕೆ ಬೇವಿನ ಹಿಂಡಿ ಸೇರಿಸಿ.

ಬೇರು ಬೆಳೆಯಲು ಯಾವ ಗೊಬ್ಬರ, ಟಾನಿಕ್ ಹಾಕಬೇಕು?

ಬೇರಿಗೆ ರಂಜಕ ಅಂತ ಬೋನ್ ಮೀಲ್ (ಎಲುಬಿನ ಪುಡಿ) ಸುರಿಯುವವರಿದ್ದಾರೆ. ಕೊರತೆ ಇಲ್ಲದ ಕಡೆ ಜಾಸ್ತಿ ರಂಜಕ ಹಾಕಿದರೆ ಬೇರಿಗೆ ನೆರವಾಗುವ ಶಿಲೀಂಧ್ರವೇ ಹಿಂದೆ ಸರಿಯುತ್ತದೆ. ವಿಟಮಿನ್ ಬಿ1 ಟಾನಿಕ್‌ಗೆ ಹೆಸರು ದೊಡ್ಡದು, ನೆಟ್ಟ ಗಿಡದಲ್ಲಿ ಬೇರು ಬರಿಸಿದ್ದಕ್ಕೆ ಪುರಾವೆ ಇಲ್ಲ. ಐಬಿಎ ಅನ್ನುವ ಹಾರ್ಮೋನ್ ಇರುವ, ಬೇರು ಬರಿಸುವ ಪುಡಿ ಕಡ್ಡಿ ನೆಡಲು, ಗೂಟಿ ಕಟ್ಟಲು ಕೆಲಸಕ್ಕೆ ಬರುತ್ತದೆ. ಉಳಿದಂತೆ ಸಮತೋಲದ ಗೊಬ್ಬರ, ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ. ಮಳೆಯಲ್ಲಿ ಕೊಚ್ಚಿಹೋಗುವುದರಿಂದ ಮುಂಬೈಯವರು ಮಳೆ ಬಿಡುವು ಕೊಟ್ಟಾಗ ಹಾಕಿ. ಕಾಯಿಲೆ ಗಿಡಕ್ಕೆ ಗೊಬ್ಬರ ಔಷಧಿಯಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ಗಿಡ ಏನು ಮಾಡುವುದು?

ಮೂರು-ನಾಲ್ಕು ದಿನವಾದರೆ ಬಾತ್‌ರೂಮ್ ಕಿಟಕಿಯ ಬೆಳಕಲ್ಲಿ, ಒದ್ದೆ ಗೋಣಿಚೀಲದ ಮೇಲೆ ಇಟ್ಟು ಹೋಗಿ. ಟಬ್‌ನಲ್ಲಿ ನೀರು ತುಂಬಿ ಅದರಲ್ಲಿ ಕುಂಡ ಮುಳುಗಿಸಿ ಹೋಗಬೇಡಿ. ಜೇಡ್ ತನ್ನಷ್ಟಕ್ಕೆ ಇರುತ್ತದೆ. ಎರಡು ವಾರ ಅಂದರೆ ಪಕ್ಕದ ಮನೆಯವರೇ ಗತಿ. ಬೋನ್ಸಾಯ್ ಕುಂಡವನ್ನು ಮಣ್ಣು ತುಂಬಿದ ದೊಡ್ಡ ಕುಂಡದೊಳಗೆ ಅರ್ಧ ಹೂತಿಟ್ಟರೆ ಅವರು ಒಂದು ದಿನ ಮರೆತರೂ ಬೇರು ತಡೆದುಕೊಳ್ಳುತ್ತದೆ. ಬಂದ ಮೇಲೆ ತೂತಿನಿಂದ ಕೆಳಗಿಳಿದ ಬೇರನ್ನು ಕತ್ತರಿಸಿ ಎತ್ತಿಕೊಳ್ಳಿ. ಮತ್ತೆ, ‘ದಿನಾ ನೀರು ಹಾಕಿ ಆಂಟಿ’ ಅಂತ ಹೇಳಿ ಹೋಗಬೇಡಿ. ಕಡ್ಡಿ ಚುಚ್ಚಿ ನೋಡುವುದನ್ನು ಅವರಿಗೆ ತೋರಿಸಿ ಹೋಗಿ.